ಗಗನದ ಫಿರಂಗಿಯೂ ಪರದೆಯ ಫಿರಂಗಿಯೂ

ವಿಮಾನಗಳ ಕಾಳಗವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಬಹು ವಿರಳ. ಆದರೆ ಅದನ್ನು ಆಡಿದವರು ಇಂದು ಊರೂರಿನಲ್ಲಿಯೂ ಇದ್ದಾರೆ. ಕಡೂರಿನಲ್ಲಾಗಲಿ, ತರೀಕೆರೆಯಲ್ಲಾಗಲಿ, ಅಜ್ಜಂಪುರದಲ್ಲಾಗಲಿ, ಮನೆಯಲ್ಲೊಂದು ಕಂಪ್ಯೂಟರ್ ಇರುವ ವಿದ್ಯಾರ್ಥಿಯು ಸಂಜೆಯ ಬಿಡುವಿನಲ್ಲಿ ಎರಡನೆಯ ಮಹಾಯುದ್ಧದ ವಿಮಾನವೊಂದನ್ನು ಏರಿ, ಶತ್ರುವಿನ ಬೆನ್ನಟ್ಟಿ, ಗುಂಡಿಯೊಂದನ್ನು ಒತ್ತಿ ಫಿರಂಗಿಯನ್ನು ಹಾರಿಸಬಲ್ಲನು. ಕಿಡಿ ಚಿಮ್ಮುತ್ತದೆ, ಗರ್ಜನೆ ಕೇಳುತ್ತದೆ, ಎದುರಿನ ವಿಮಾನ ಹೊತ್ತಿ ಉರಿಯುತ್ತದೆ.

ಇಂತಹ ಆಟಗಳಲ್ಲಿ ಕೆಲವು ತಮ್ಮನ್ನು ಬರಿಯ ಆಟವೆಂದು ಕರೆದುಕೊಳ್ಳುವುದಿಲ್ಲ. ಅವು ಸಿಮ್ಯುಲೇಟರುಗಳು, ಎಂದರೆ ನಿಜವಾದ ಹಾರಾಟದ ಅನುಕರಣಗಳು ಎಂಬುದು ಅವುಗಳ ಹೆಮ್ಮೆ. 2001ರಲ್ಲಿ ಹೊರಬಂದ ‘ಐಎಲ್-2 ಸ್ಟುರ್ಮೊವಿಕ್’, ಅದರ ಅನಂತರದ ‘ಡಿಸಿಎಸ್ ವರ್ಲ್ಡ್’, ‘ವಾರ್ ಥಂಡರ್’ ಮೊದಲಾದವುಗಳ ಹೆಸರನ್ನು ನಮ್ಮ ಓದುಗರಲ್ಲಿ ಹಲವರು ಬಲ್ಲರು. ಇವುಗಳ ಫಿರಂಗಿ ನಿಜದ ಫಿರಂಗಿಗೆ ಎಷ್ಟು ಹತ್ತಿರ ಎಂಬ ಚರ್ಚೆ ಆಟಗಾರರಲ್ಲಿ ಎಡೆಬಿಡದೆ ನಡೆಯುತ್ತದೆ. ಒಬ್ಬನು ಹಾರಿಸಿದಾಗ ವಿಮಾನ ನಡುಗಬೇಕು ಎನ್ನುತ್ತಾನೆ. ಮತ್ತೊಬ್ಬನು ನಿಂತೇಹೋಗಬೇಕು ಎನ್ನುತ್ತಾನೆ. ಇನ್ನೊಬ್ಬನಿಗೆ ಏನೂ ಆಗಬಾರದು.

ಈ ವಾದವನ್ನು ತೀರ್ಮಾನಿಸುವುದಕ್ಕೆ ವಿಮಾನದಳದಲ್ಲಿ ಕೆಲಸ ಮಾಡಿರಬೇಕಾದುದಿಲ್ಲ. ಹೈಸ್ಕೂಲಿನ ಪುಸ್ತಕದಲ್ಲಿರುವ ಸಂವೇಗ ಸಂರಕ್ಷಣ ನಿಯಮ, ಒಂದು ಕಾಗದ, ಒಂದು ಪೆನ್ಸಿಲು ಇಷ್ಟೇ ಸಾಕು. ಇದನ್ನು ತೋರಿಸುವುದು ಈ ಲೇಖನದ ಉದ್ದೇಶ.

ತೋಪು ಎಳೆದ ಎತ್ತುಗಳು

ವಿಮಾನಕ್ಕೆ ಏರುವ ಮೊದಲು ನೆಲದ ಫಿರಂಗಿಯನ್ನು ನೋಡೋಣ. ಅದಕ್ಕೆ ದೂರ ಹೋಗಬೇಕಾಗಿಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ದನಗಳ ಸಂವರ್ಧನ ಕೇಂದ್ರವಿದೆ. ಬೂದುಬಣ್ಣದ ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಉದ್ದನೆಯ ಚೂಪುಕೊಂಬು, ದಣಿವರಿಯದ ನಡಿಗೆ ಇವು ಆ ತಳಿಯ ಲಕ್ಷಣಗಳು. ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದು, ಹೈದರನ ಕಾಲದಲ್ಲಿ ಬೆಳೆದು, ಟಿಪ್ಪುವಿನಿಂದ ‘ಅಮೃತಮಹಲ್’ ಎಂಬ ಹೆಸರನ್ನು ಪಡೆದ ಈ ಸಂಸ್ಥೆಯ ಎತ್ತುಗಳು ಮೈಸೂರು ಸೈನ್ಯದ ತೋಪುಗಳನ್ನೂ ಸಾಮಾನುಗಳನ್ನೂ ಎಳೆದೊಯ್ಯುತ್ತಿದ್ದುವು. ತೋಪಿಗೆ ಎತ್ತುಗಳ ಸಾಲೇ ಏಕೆ ಬೇಕಾಗಿತ್ತು? ತೋಪು ಭಾರವಾಗಿತ್ತು. ಅದು ಭಾರವಾಗಿಯೇ ಇರಬೇಕಾಗಿತ್ತು.

ತೋಪಿನ ಗುಂಡು 3 ಕಿಲೋಗ್ರಾಂ ತೂಗುವುದೆಂದೂ ಅದು ಸೆಕೆಂಡಿಗೆ 400 ಮೀಟರ್ ವೇಗದಿಂದ ಹೊರಡುವುದೆಂದೂ ಇಟ್ಟುಕೊಳ್ಳೋಣ. ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧವೇ ಸಂವೇಗ. ಗುಂಡಿನ ಸಂವೇಗ 3 × 400 = 1200 ಏಕಮಾನ. ಹಾರಿಸುವ ಮುನ್ನ ತೋಪು, ಗುಂಡು ಎರಡೂ ನಿಶ್ಚಲವಾಗಿದ್ದುವು. ಒಟ್ಟು ಸಂವೇಗ ಸೊನ್ನೆ. ಹಾರಿಸಿದ ಬಳಿಕವೂ ಒಟ್ಟು ಮೊತ್ತ ಸೊನ್ನೆಯೇ ಆಗಿರಬೇಕಾದುದರಿಂದ ತೋಪು 1200 ಏಕಮಾನ ಸಂವೇಗದೊಡನೆ ಹಿಂದಕ್ಕೆ ಸರಿಯಬೇಕು. ಗಾಡಿಸಹಿತ ಅದರ ತೂಕ 1000 ಕಿಲೋಗ್ರಾಂ ಆಗಿದ್ದರೆ ಹಿಂದೆ ಸರಿಯುವ ವೇಗ ಸೆಕೆಂಡಿಗೆ 1.2 ಮೀಟರ್. ತೋಪಿನ ತೂಕ 100 ಕಿಲೋಗ್ರಾಂ ಮಾತ್ರವಾಗಿದ್ದಿದ್ದರೆ ಆ ವೇಗ 12 ಮೀಟರ್ ಆಗಿ, ಹಿಂದೆ ನಿಂತ ಗೋಲಂದಾಜನ ಪ್ರಾಣಕ್ಕೇ ಸಂಚಕಾರ ಬರುತ್ತಿತ್ತು. ಬಂದೂಕು ಭುಜಕ್ಕೆ ಒದೆಯುವುದೂ ಈ ಕಾರಣದಿಂದಲೇ. ಇದನ್ನು ನಾವು ‘ಹಿಂದೊದೆತ’ ಎಂದು ಕರೆಯೋಣ.

ನೆಲದ ತೋಪಿನ ಹಿಂದೊದೆತವನ್ನು ಕೊನೆಗೆ ಭೂಮಿಯೇ ತಾಳಿಕೊಳ್ಳುತ್ತದೆ. ಗಗನದಲ್ಲಿ ಆ ಭಾಗ್ಯವಿಲ್ಲ. ಅಲ್ಲಿ ವಿಮಾನವೇ ಎತ್ತು, ವಿಮಾನವೇ ಗಾಡಿ, ವಿಮಾನವೇ ನೆಲ. ಫಿರಂಗಿಯ ಭಾರವನ್ನು ಹೊರುವುದೂ ಅದೇ, ಒದೆತವನ್ನು ತಿನ್ನುವುದೂ ಅದೇ. ಪರದೆಯ ಮೇಲಿನ ಆಟಗಳು ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ಬೆಂಗಳೂರಿನ ಮಾರುತ

ಲೆಕ್ಕಕ್ಕೆ ನಮ್ಮ ರಾಜ್ಯದಲ್ಲಿಯೇ ಹುಟ್ಟಿದ ವಿಮಾನವನ್ನು ತೆಗೆದುಕೊಳ್ಳೋಣ. ಆಟಗಾರರಿಗೆ ಅಚ್ಚುಮೆಚ್ಚಾದ ಜರ್ಮನಿಯ ‘ಫೋಕೆವುಲ್ಫ್ 190’ ವಿಮಾನವನ್ನು ರೂಪಿಸಿದವರು ಕುರ್ಟ್ ಟ್ಯಾಂಕ್. ಇದೇ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಭಾರತೀಯ ಎಂಜಿನಿಯರುಗಳೊಡನೆ ಕೂಡಿ ‘ಎಚ್‌ಎಫ್-24 ಮಾರುತ’ ಎಂಬ ಜೆಟ್ ಯುದ್ಧವಿಮಾನವನ್ನು ರಚಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಅದನ್ನು ಮೊದಲ ಬಾರಿ ಹಾರಿಸಿದರು. 1971ರ ಯುದ್ಧದಲ್ಲಿ ಹೋರಾಡಿದ ಮಾರುತವು ಈಗ ಸೇವೆಯಿಂದ ನಿವೃತ್ತವಾಗಿದೆ. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಬಹುದು. ಹೋದವರು ಅದರ ಮೂತಿಯ ಎರಡು ಪಕ್ಕಗಳನ್ನೂ ಗಮನಿಸಬೇಕು. ಅಲ್ಲಿ ಪಕ್ಕಕ್ಕೆ ಎರಡರಂತೆ ನಾಲ್ಕು ಫಿರಂಗಿಗಳಿಗೆ ಸ್ಥಳವಿತ್ತು.

ಅವು 30 ಮಿಲಿಮೀಟರ್ ವ್ಯಾಸದ ‘ಏಡನ್’ ಫಿರಂಗಿಗಳು. ಈ ಹೆಸರಿಗೂ ಅರಬ್ಬೀ ದೇಶದ ಬಂದರಿಗೂ ಸಂಬಂಧವಿಲ್ಲ. ಇದನ್ನು ನಿರ್ಮಿಸಿದ ಬ್ರಿಟಿಷ್ ಸಂಸ್ಥೆ ಮತ್ತು ಎನ್‌ಫೀಲ್ಡ್ ಎಂಬ ಊರು ಇವೆರಡರ ಹೆಸರುಗಳ ಮೊದಲಕ್ಷರಗಳಿಂದ ಅದು ಬಂದಿದೆ. ಇದರ ಕ್ರಮವು ರಿವಾಲ್ವರಿನದು. ಒಂದೇ ನಳಿಗೆ, ಅದರ ಹಿಂದೆ ತಿರುಗುವ ಐದು ತೋಟಾಗೂಡುಗಳು. ಒಂದು ಗೂಡಿನ ತೋಟಾ ಸಿಡಿಯುತ್ತಿರುವಾಗಲೇ ಮತ್ತೊಂದು ಗೂಡಿಗೆ ಹೊಸ ತೋಟಾ ಸೇರುತ್ತಿರುತ್ತದೆ, ಇನ್ನೊಂದರಿಂದ ಖಾಲಿ ತೋಟಾ ಹೊರಬೀಳುತ್ತಿರುತ್ತದೆ. ಆದುದರಿಂದಲೇ ನಿಮಿಷಕ್ಕೆ 1200ಕ್ಕೂ ಹೆಚ್ಚು, ಎಂದರೆ ಸೆಕೆಂಡಿಗೆ 20 ಗುಂಡುಗಳನ್ನು ಅದು ಹಾರಿಸಬಲ್ಲದು. ಗುಂಡಿನ ತೂಕ ಸುಮಾರು 0.22 ಕಿಲೋಗ್ರಾಂ, ನಳಿಗೆಯ ಬಾಯಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 790 ಮೀಟರ್.

ಒಂದು ಗುಂಡಿನ ಸಂವೇಗ 0.22 × 790, ಎಂದರೆ 174 ಏಕಮಾನ. ಗುಂಡಿನ ಬೆನ್ನಿಗೇ ಮದ್ದಿನ ಅನಿಲವೂ ಅತಿವೇಗದಿಂದ ಹೊರನುಗ್ಗುತ್ತದೆ. ಅದರ ಪಾಲನ್ನೂ ಕೂಡಿಸಿದರೆ ಸುಮಾರು 220 ಆಗುವುದು. ಸೆಕೆಂಡಿಗೆ 20 ಗುಂಡುಗಳಾದರೆ ಒಂದು ಫಿರಂಗಿಯ ಸರಾಸರಿ ಹಿಂದೊದೆತ 4400 ನ್ಯೂಟನ್. ನಾಲ್ಕಕ್ಕೆ 17,600 ನ್ಯೂಟನ್. ಮಾರುತದ ಎರಡು ಆರ್ಫಿಯಸ್ ಎಂಜಿನುಗಳ ಒಟ್ಟು ನೂಕುಬಲ ಸುಮಾರು 43,000 ನ್ಯೂಟನ್. ಚಾಲಕನು ಗುಂಡಿ ಒತ್ತಿದೊಡನೆಯೇ ಎಂಜಿನುಗಳ ಬಲದಲ್ಲಿ ನೂರಕ್ಕೆ ನಲವತ್ತು ಪಾಲು ಒದೆತಕ್ಕೆ ಸಂದುಹೋಯಿತೆಂದು ಭಾವಿಸಬಹುದು.

ಶಕ್ತಿಯ ಲೆಕ್ಕ ಇದಕ್ಕಿಂತ ಬೆರಗುಗೊಳಿಸುವಂಥದು. ಒಂದೊಂದು ಗುಂಡಿನ ಚಲನಶಕ್ತಿ ಸುಮಾರು 68,000 ಜೂಲ್. ನಾಲ್ಕು ಫಿರಂಗಿಗಳಿಂದ ಸೆಕೆಂಡಿಗೆ 80 ಗುಂಡುಗಳು ಹೊರಡುವುದರಿಂದ ಸಾಮರ್ಥ್ಯ ಸುಮಾರು 54 ಲಕ್ಷ ವಾಟ್, ಎಂದರೆ 7000 ಅಶ್ವಶಕ್ತಿಗೂ ಮಿಗಿಲು. ಬೀರೂರು ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯನ್ನು ಎಳೆಯಲು ನಿಂತಿರುವ 4000 ಅಶ್ವಶಕ್ತಿಯ ಡೀಸೆಲ್ ಎಂಜಿನನ್ನು ನೆನೆಯಿರಿ. ಅಂಥವು ಹೆಚ್ಚುಕಡಮೆ ಎರಡು ಆ ಮೂತಿಯೊಳಗೆ ಅಡಗಿವೆ, ಕೆಲವೇ ಸೆಕೆಂಡುಗಳ ಮಟ್ಟಿಗೆ.

ವಿಮಾನ ನಿಂತುಹೋಗುವುದೆ?

ನೂರಕ್ಕೆ ನಲವತ್ತು ಎಂದೊಡನೆ ಓದುಗರಲ್ಲಿ ಕೆಲವರು ವಿಮಾನ ಗಕ್ಕನೆ ನಿಂತುಬಿಡಬಹುದೆಂದು ತೀರ್ಮಾನಿಸಿಯಾರು. ಅವಸರ ಬೇಡ. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ದೊರೆಯುವುದೆಂಬುದು ನ್ಯೂಟನ್ನನ ಎರಡನೆಯ ನಿಯಮ. ಮಾರುತದ ತೂಕ ಸುಮಾರು 9 ಟನ್. 17,600 ನ್ನು 9000ದಿಂದ ಭಾಗಿಸಿದರೆ 2ಕ್ಕೆ ತುಸು ಕಡಮೆ. ಒಂದು ಸೆಕೆಂಡು ಗುಂಡು ಹಾರಿಸಿದರೆ ವೇಗದಲ್ಲಿ ಆಗುವ ನಷ್ಟ ಸೆಕೆಂಡಿಗೆ 2 ಮೀಟರ್, ಎಂದರೆ ಗಂಟೆಗೆ 7 ಕಿಲೋಮೀಟರ್. ಗಂಟೆಗೆ 900 ಕಿಲೋಮೀಟರ್ ವೇಗದಿಂದ ಹಾರುವ ವಿಮಾನಕ್ಕೆ ಇದು ಗಣನೆಗೆ ಬಾರದಷ್ಟು ಅಲ್ಪ.

ಅಮೆರಿಕದ ‘ಎ-10’ ವಿಮಾನದ ಏಳು ನಳಿಗೆಗಳ ದೈತ್ಯ ಫಿರಂಗಿಯ ಕುರಿತು ಹುಟ್ಟಿರುವ ಕಥೆಯನ್ನೂ ಇದೇ ಒರೆಗಲ್ಲಿಗೆ ತಿಕ್ಕಬಹುದು. ಅದನ್ನು ಹಾರಿಸಿದರೆ ವಿಮಾನ ಗಾಳಿಯಲ್ಲಿ ನಿಂತುಬಿಡುತ್ತದೆ ಎಂದು ಹೇಳುವವರಿದ್ದಾರೆ. ಅದರ ಹಿಂದೊದೆತ ಸುಮಾರು 45,000 ನ್ಯೂಟನ್. ವಿಮಾನದ ಎರಡು ಎಂಜಿನುಗಳಲ್ಲಿ ಒಂದರ ನೂಕುಬಲವನ್ನು ಮೀರಿಸುವಷ್ಟು ಎಂಬುದು ಸತ್ಯವೇ. ಆದರೆ ವಿಮಾನದ ತೂಕವನ್ನು 16 ಟನ್ ಎಂದು ಹಿಡಿದು ಎರಡು ಸೆಕೆಂಡು ಹಾರಿಸಿದರೂ ಕಳೆಯುವ ವೇಗ ಗಂಟೆಗೆ 20 ಕಿಲೋಮೀಟರ್ ಮಾತ್ರ. ವಿಮಾನ ನಿಲ್ಲುವುದಿಲ್ಲ, ಕೊಂಚ ನಿಧಾನವಾಗುತ್ತದೆ, ಅಷ್ಟೆ.

ಎರಡನೆಯ ಮಹಾಯುದ್ಧದಲ್ಲಿ ಇದಕ್ಕೂ ದೊಡ್ಡ ಪ್ರಯೋಗ ನಡೆಯಿತು. ‘ಬಿ-25 ಮಿಚೆಲ್’ ಬಾಂಬು ವಿಮಾನದ ಕೆಲವು ಮಾದರಿಗಳ ಮೂತಿಯಲ್ಲಿ, ಟ್ಯಾಂಕುಗಳಿಗೆ ಜೋಡಿಸುವಂತಹ 75 ಮಿಲಿಮೀಟರ್ ಫಿರಂಗಿಯನ್ನೇ ಹೂಡಿದರು. ಬರ್ಮಾ ರಣರಂಗದಲ್ಲಿಯೂ ಅಂತಹ ವಿಮಾನಗಳು ಹಾರಿದುವು. ಗುಂಡೊಂದಕ್ಕೆ ಸುಮಾರು 6.8 ಕಿಲೋಗ್ರಾಂ ತೂಕ. ವೇಗ ಸೆಕೆಂಡಿಗೆ ಸುಮಾರು 600 ಮೀಟರ್. ಅನಿಲದ ಪಾಲೂ ಸೇರಿ ಒದೆತ 5000 ಏಕಮಾನವೆಂದರೂ 15 ಟನ್ನಿನ ವಿಮಾನ ಒಂದು ಹೊಡೆತಕ್ಕೆ ಕಳೆದುಕೊಳ್ಳುವ ವೇಗ ಗಂಟೆಗೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ಅದರ ನಿಜವಾದ ತೊಡಕು ಬೇರೆಡೆ ಇತ್ತು. ಹೊತ್ತೊಯ್ಯಬಹುದಾಗಿದ್ದುದು 21 ಗುಂಡುಗಳು ಮಾತ್ರ; ಒಂದೊಂದನ್ನೂ ಒಬ್ಬ ಮನುಷ್ಯ ಕೈಯಿಂದಲೇ ತುಂಬಬೇಕಾಗಿತ್ತು. ಒಂದು ಬಾರಿ ಗುರಿಯ ಮೇಲೆ ಎರಗುವಷ್ಟರಲ್ಲಿ ಮೂರು ನಾಲ್ಕು ಹೊಡೆತ ಸಾಧ್ಯವಾದರೆ ಅದೇ ಹೆಚ್ಚು.

ಹೀಗೆ, ಒದೆತವನ್ನೇ ತೋರಿಸದ ಆಟವೂ ಅಸತ್ಯ. ಒದೆತದಿಂದ ವಿಮಾನವನ್ನು ನಿಲ್ಲಿಸಿಬಿಡುವ ಆಟವೂ ಅಸತ್ಯ.

ಬಾಗುವ ಮೂತಿ, ನಡುಗುವ ಮೈ

ಹಾಗಾದರೆ ಭಾರದ ಫಿರಂಗಿಯಿಂದ ನಿಜವಾಗಿ ಆಗುವ ತೊಂದರೆ ಯಾವುದು? ಬಲ ಎಷ್ಟು ಎಂಬುದಕ್ಕಿಂತ ಎಲ್ಲಿ ತಗಲುತ್ತದೆ ಎಂಬುದೇ ಇಲ್ಲಿ ಮುಖ್ಯ. ಇಳಿಜಾರಿನಲ್ಲಿ ಸೈಕಲ್ಲಿನ ಮುಂದಿನ ಬ್ರೇಕನ್ನು ಒಮ್ಮೆಗೇ ಹಿಡಿದವರಿಗೆ ಇದು ಗೊತ್ತು. ಹಿಂದಕ್ಕೆಳೆಯುವ ಬಲ ನೆಲದ ಮಟ್ಟದಲ್ಲಿದೆ, ಸವಾರನ ಗುರುತ್ವಕೇಂದ್ರ ಮೇಲಿದೆ. ಆದುದರಿಂದ ಹಿಂದಿನ ಗಾಲಿ ಮೇಲೇಳುತ್ತದೆ, ಸವಾರ ಮುಂದಕ್ಕೆ ಮುಗ್ಗರಿಸುತ್ತಾನೆ. ವಿಮಾನದ ಗುರುತ್ವಕೇಂದ್ರಕ್ಕಿಂತ ಕೆಳಗೆ ಫಿರಂಗಿ ಇದ್ದರೆ ಅದರ ಮೂತಿಯೂ ಹೀಗೆಯೇ ಕೆಳಬಾಗುತ್ತದೆ.

‘ಹರಿಕೇನ್’ ವಿಮಾನದ ಒಂದು ಮಾದರಿಗೆ ರೆಕ್ಕೆಗಳ ಕೆಳಗೆ 40 ಮಿಲಿಮೀಟರಿನ ಎರಡು ವಿಕರ್ಸ್ ಫಿರಂಗಿಗಳನ್ನು ತೂಗುಹಾಕಿದ್ದರು. ಬ್ರಿಟಿಷ್ ವಿಮಾನದಳದ 20ನೆಯ ಸ್ಕ್ವಾಡ್ರನ್ ಇವನ್ನು ಬರ್ಮಾದ ಕದನದಲ್ಲಿ ಬಳಸಿತು. ಒಂದೊಂದು ಫಿರಂಗಿಗೆ 15 ಗುಂಡುಗಳು. ಹಾರಿಸಿದಾಗಲೆಲ್ಲ ಮೂತಿ ಕೆಳಕ್ಕೆ ಬಾಗುತ್ತಿತ್ತು. ಚಾಲಕನು ಅದನ್ನು ಎತ್ತಿ ಮತ್ತೆ ಗುರಿ ಹಿಡಿಯಬೇಕಾಗಿತ್ತು. ಬಂಕರನ್ನೋ ದೋಣಿಯನ್ನೋ ಹೊಡೆಯಲು ಸೆಕೆಂಡಿಗೆ 120 ಮೀಟರ್ ವೇಗದಿಂದ ಎರಗುವ ಚಾಲಕನಿಗೆ ಗುಂಡು ಹಾರಿಸಲು ತಕ್ಕ 700 ಮೀಟರ್ ಹಾದಿ ಸಿಕ್ಕಿತೆನ್ನಿ. ಅವನ ಕೈಯಲ್ಲಿರುವುದು ಆರು ಸೆಕೆಂಡು. ಫಿರಂಗಿಯ ವೇಗವನ್ನು ಮಾತ್ರ ನೋಡಿದರೆ ಅಷ್ಟರಲ್ಲಿ ಹತ್ತು ಹೊಡೆತ ಸಾಧ್ಯ. ಪ್ರತಿಯೊಂದು ಹೊಡೆತಕ್ಕೂ ಮೂತಿಯನ್ನು ಎತ್ತಿ ಹಿಡಿಯುವುದಾದರೆ ಅದರ ಅರ್ಧವೂ ದುಸ್ತರ. ಗುಂಡಿಯನ್ನು ಒತ್ತಿಹಿಡಿದೇ ಇದ್ದರೂ ಗುರಿ ಕದಲದ ಆಟವು ಈ ಕಷ್ಟವನ್ನೆಲ್ಲ ಮರೆಸಿಬಿಡುತ್ತದೆ.

1957ರಿಂದ ನಮ್ಮ ವಾಯುಪಡೆಗೆ ಬಂದ ‘ಹಂಟರ್’ ವಿಮಾನವೂ ನಾಲ್ಕು ಏಡನ್ ಫಿರಂಗಿಗಳನ್ನು ಹೊತ್ತಿತ್ತು. ಅದರ ಚರಿತ್ರೆಯಲ್ಲಿ ಪಾಠಗಳು ಹಲವು. ಫಿರಂಗಿ ಹಾರಿಸಿದಾಗ ಮೂತಿ ಬಾಗುವುದನ್ನು ತಡೆಯಲು ನಳಿಗೆಯ ಬಾಯಿಗೆ ಅನಿಲವನ್ನು ತಿರುಗಿಸುವ ತಗಡುಗಳನ್ನು ಜೋಡಿಸಬೇಕಾಯಿತು. ತೋಟಾಗಳನ್ನು ಸರದಂತೆ ಪೋಣಿಸಿದ್ದ ಲೋಹದ ಕೊಂಡಿಗಳು ಹೊರಗೆ ಎಸೆಯಲ್ಪಟ್ಟು ವಿಮಾನದ ಮೈಯನ್ನೇ ಬಡಿಯುತ್ತಿದ್ದುದರಿಂದ, ಅವನ್ನು ಹಿಡಿದಿಡಲು ಹೊಟ್ಟೆಯ ಕೆಳಗೆ ಎರಡು ಉಬ್ಬುಗಳನ್ನು ಕಟ್ಟಿದರು. ಮೊದಲ ಮಾದರಿಗಳಲ್ಲಿ ಎತ್ತರದ ಹಾರಾಟದಲ್ಲಿ ಫಿರಂಗಿ ಹಾರಿಸಿದರೆ ಜೆಟ್ ಎಂಜಿನ್ನಿನ ಉಸಿರಾಟವೇ ಕೆಡುತ್ತಿತ್ತು. ವಿಮಾನವೊಂದನ್ನು ಅದರದೇ ಆಯುಧದಿಂದ ರಕ್ಷಿಸುವುದಕ್ಕೆ ಎಂಜಿನಿಯರುಗಳು ಇಷ್ಟೆಲ್ಲ ಹೆಣಗಬೇಕಾಯಿತು.

ಫಿರಂಗಿ ನಡುರೇಖೆಯಿಂದ ಪಕ್ಕಕ್ಕೆ ಸರಿದಿದ್ದರೆ ಮೂತಿ ಆ ಪಕ್ಕಕ್ಕೆ ತಿರುಗುತ್ತದೆ. ಎ-10 ವಿಮಾನದಲ್ಲಿ ಏಳು ನಳಿಗೆಗಳ ಕಟ್ಟನ್ನೇ ಸ್ವಲ್ಪ ಪಕ್ಕಕ್ಕೆ ಇಟ್ಟಿದ್ದಾರೆ. ಏಕೆಂದರೆ ಸಿಡಿಯುವ ಕ್ಷಣದಲ್ಲಿ ಆ ಒಂದು ನಳಿಗೆ ಸರಿಯಾಗಿ ನಡುರೇಖೆಯ ಮೇಲೆ ಬರಬೇಕು.

ಇನ್ನು ನಡುಕದ ಮಾತು. ಮೇಲೆ ಹೇಳಿದ 17,600 ನ್ಯೂಟನ್ ಎಂಬುದು ಸರಾಸರಿ ಮಾತ್ರ. ಒದೆತವು ಒಂದೇ ಸಮನಾದ ತಳ್ಳುವಿಕೆಯಲ್ಲ. ಸೆಕೆಂಡಿಗೆ 80 ಸುತ್ತಿಗೆ ಪೆಟ್ಟುಗಳು. ಆ ಪೆಟ್ಟುಗಳಿಂದ ವಿಮಾನದ ಮೈ ಕಂಪಿಸಿ, ನಳಿಗೆಗಳು ಅದುರಿ, ಗುಂಡುಗಳು ಒಂದೇ ಗೆರೆಯಲ್ಲಿ ಹೋಗದೆ ಹರಡಿಕೊಳ್ಳುತ್ತವೆ. ಸಾವಿರ ಮೀಟರಿಗೆ ಐದು ಮೀಟರ್ ಹರಡುವುದೆಂದು ಇಟ್ಟುಕೊಂಡರೆ 600 ಮೀಟರ್ ದೂರದಲ್ಲಿ ಮೂರು ಮೀಟರ್ ಆಚೀಚೆ. ಅಜ್ಜಂಪುರದ ಕಡೆಯ ತೆಂಗಿನ ತೋಟದಲ್ಲಿ ಎರಡು ಮರಗಳ ನಡುವೆ ಬಿಟ್ಟಿರುವ ಜಾಗವನ್ನು ನೆನೆದರೆ ಆ ಹರವಿನ ಅಂದಾಜು ಸಿಗುವುದು.

ಗುಂಡಿನ ಹಾದಿ

ಆಟಗಳನ್ನು ಹೊಗಳಬೇಕಾದ ಸ್ಥಳವೂ ಉಂಟು. ನಳಿಗೆಯಿಂದ ಹೊರಟ ಗುಂಡು ಹೇಗೆ ಸಾಗುತ್ತದೆ ಎಂಬುದನ್ನು ಒಳ್ಳೆಯ ಸಿಮ್ಯುಲೇಟರುಗಳು ಚೆನ್ನಾಗಿಯೇ ಗಣಿಸುತ್ತವೆ. ಗುರುತ್ವವು ಅದನ್ನು ಕೆಳಗೆಳೆಯುತ್ತದೆ, ಗಾಳಿ ತಡೆಯುತ್ತದೆ. ಕಂಪ್ಯೂಟರು ಕಾಲವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಪ್ರತಿಯೊಂದು ತುಣುಕಿನಲ್ಲಿಯೂ ವೇಗ ಎಷ್ಟು ಕುಗ್ಗಿತು, ಗುಂಡು ಎಷ್ಟು ಇಳಿಯಿತು ಎಂದು ಲೆಕ್ಕ ಹಾಕುತ್ತದೆ.

ಉದಾಹರಣೆ ನೋಡೋಣ. ಸೆಕೆಂಡಿಗೆ 230 ಮೀಟರ್ ವೇಗದಿಂದ ಹಾರುವ ವಿಮಾನದಿಂದ ಹೊರಟ ಗುಂಡಿಗೆ ವಿಮಾನದ ವೇಗವೂ ಕೂಡಿಕೊಂಡು ಮೊದಲಲ್ಲಿ 1020 ಮೀಟರ್ ವೇಗವಿರುತ್ತದೆ. ಗಾಳಿಯ ತಡೆಯಿಂದ ಕುಗ್ಗಿ ಸರಾಸರಿ 900 ಎಂದು ಹಿಡಿದರೆ 630 ಮೀಟರ್ ಕ್ರಮಿಸಲು 0.7 ಸೆಕೆಂಡು ಬೇಕು. ಅಷ್ಟರಲ್ಲಿ ಗುಂಡು 2.4 ಮೀಟರ್ ಕೆಳಗಿಳಿದಿರುತ್ತದೆ. ಇದಕ್ಕಿಂತ ಮುಖ್ಯವಾದುದು, ಅಡ್ಡವಾಗಿ ಹಾಯುವ ಶತ್ರುವಿಮಾನವು ಆ ಅವಧಿಯಲ್ಲಿ 160 ಮೀಟರ್ ಮುಂದೆ ಹೋಗಿಬಿಟ್ಟಿರುತ್ತದೆ. ಆದುದರಿಂದ ಗುರಿಯಿಡಬೇಕಾದುದು ವಿಮಾನದ ಮೇಲಲ್ಲ, ಅದರ ಮುಂದಿನ ಬರಿಯ ಆಕಾಶದ ಮೇಲೆ. ಸಿಮ್ಯುಲೇಟರ್ ಆಡುವ ಹುಡುಗನಿಗೆ ಇದು ಅನುಭವದಿಂದ ತಿಳಿದಿರುತ್ತದೆ. ಅವನು ಅರಿಯದೆಯೇ ಸಾಪೇಕ್ಷ ವೇಗದ ಪಾಠವನ್ನು ಕಲಿತಿರುತ್ತಾನೆ.

ಗಣನೆಯಲ್ಲಿ ಒಂದು ಸ್ವಾರಸ್ಯವಾದ ತೊಡಕಿದೆ. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುವುದೆನ್ನೋಣ. ಒಂದು ಚಿತ್ರದಿಂದ ಮತ್ತೊಂದಕ್ಕೆ 790 ಮೀಟರ್ ವೇಗದ ಗುಂಡು 13 ಮೀಟರ್ ಜಿಗಿದಿರುತ್ತದೆ. ವಿಮಾನದ ಒಡಲಿನ ದಪ್ಪ ಎರಡು ಮೀಟರ್ ಕೂಡ ಇಲ್ಲದಿರಬಹುದು. ಒಂದು ಚಿತ್ರದಲ್ಲಿ ಗುಂಡು ವಿಮಾನದ ಈಚೆ, ಮುಂದಿನ ಚಿತ್ರದಲ್ಲಿ ಆಚೆ! ಬರಿಯ ಬಿಂದುಗಳನ್ನು ಪರೀಕ್ಷಿಸುವ ಕಂಪ್ಯೂಟರಿಗೆ ಗುಂಡು ತಗಲಿದುದೇ ಗೊತ್ತಾಗುವುದಿಲ್ಲ. ಹೀಗಾಗದಂತೆ ಎರಡು ಬಿಂದುಗಳ ನಡುವಣ ರೇಖೆಯು ವಿಮಾನವನ್ನು ಕತ್ತರಿಸುವುದೆ ಎಂದು ರೇಖಾಗಣಿತದ ಮೂಲಕ ನೋಡಬೇಕಾಗುತ್ತದೆ. ತರಗತಿಯಲ್ಲಿ ನೀರಸವೆನಿಸುವ ರೇಖಾಗಣಿತ ಆಟದ ಹೃದಯದಲ್ಲಿದೆ.

ತಗಲಿದ ಮೇಲಿನ ಕಥೆಯಲ್ಲಿ ಮಾತ್ರ ಆಟಗಳು ಬಹಳ ಭಿನ್ನ. ಸರಳವಾದ ಆಟವು ಪ್ರತಿಯೊಂದು ವಿಮಾನಕ್ಕೂ ನೂರು ಅಂಕದ ಆಯುಸ್ಸನ್ನು ಕೊಟ್ಟು, ಒಂದೊಂದು ಗುಂಡಿಗೂ ಇಷ್ಟಿಷ್ಟು ಕಳೆಯುತ್ತದೆ. ನಿಜದಲ್ಲಿ ಎಲ್ಲವೂ ಸ್ಥಳವನ್ನು ಅವಲಂಬಿಸಿದೆ. ಬಾಲದ ಹೊದಿಕೆಯಲ್ಲಿ ಸಿಡಿದ ಗುಂಡು ಬರಿಯ ತೂತು ಮಾಡಬಹುದು. ಅದೇ ಗುಂಡು ಇಂಧನದ ತೊಟ್ಟಿಯಲ್ಲೋ ಎಂಜಿನ್ನಿನಲ್ಲೋ ಸಿಡಿದರೆ ಅಲ್ಲಿಗೆ ಮುಗಿಯಿತು. 1971ರ ಡಿಸೆಂಬರಿನಲ್ಲಿ ಲೋಂಗೇವಾಲಾದ ಮರಳಿನಲ್ಲಿ ಹಂಟರ್ ವಿಮಾನಗಳು ರಾಕೆಟ್ಟು ಮತ್ತು ಫಿರಂಗಿಗಳಿಂದ ಟ್ಯಾಂಕುಗಳನ್ನು ಎದುರಿಸಿದಾಗ ಅವುಗಳಿಗಿದ್ದ ಒಂದು ಅನುಕೂಲವೆಂದರೆ, ಟ್ಯಾಂಕಿನ ಮುಂಭಾಗದ ಕವಚ ದಪ್ಪ, ಮೇಲ್ಭಾಗದ್ದು ತೆಳು. ಅಂಕದ ಲೆಕ್ಕದಲ್ಲಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಬೊಯ್ರಾದ ಆಕಾಶದಲ್ಲಿ

ಪರದೆಯ ಫಿರಂಗಿ ಕಟ್ಟಿಕೊಳ್ಳುವುದು ಅಪರೂಪ. ಕೆಲವು ಆಟಗಳಲ್ಲಿ ಅದರ ಗುಂಡು ಮುಗಿಯುವುದೂ ಇಲ್ಲ. ಮಾರುತದ ಫಿರಂಗಿಯೊಂದಕ್ಕೆ ಸುಮಾರು 120 ಗುಂಡುಗಳಿದ್ದುವು. ಸೆಕೆಂಡಿಗೆ 20ರಂತೆ ಆರು ಸೆಕೆಂಡಿಗೆ ಅಷ್ಟೂ ಖಾಲಿ! ಬೀರೂರಿನಿಂದ ಕಡೂರಿಗೆ ಆರೇಳು ಕಿಲೋಮೀಟರ್. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನವು ಅದರಲ್ಲಿ ಕಾಲುಭಾಗವನ್ನು ದಾಟುವಷ್ಟರಲ್ಲಿ ಚಾಲಕ ನಿರಾಯುಧನಾಗುತ್ತಾನೆ. ಆದುದರಿಂದ ನಿಜವಾದ ಚಾಲಕನು ಅರ್ಧ ಸೆಕೆಂಡು, ಒಂದು ಸೆಕೆಂಡು ಎಂದು ಜಿಪುಣನಂತೆ ಎಣಿಸಿ ಹಾರಿಸುತ್ತಾನೆ.

ಬೆಂಗಳೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಪುಟ್ಟ ‘ನ್ಯಾಟ್’ ವಿಮಾನಕ್ಕೆ ಎಂಜಿನ್ನಿನ ಗಾಳಿಬಾಯಿಗಳ ಪಕ್ಕದಲ್ಲಿ ಒಂದೊಂದರಂತೆ ಎರಡು ಏಡನ್ ಫಿರಂಗಿಗಳು. 1965ರ ಯುದ್ಧದಲ್ಲಿ ಅವು ಹೊತ್ತಿಗೆ ಸರಿಯಾಗಿ ಕಟ್ಟಿಕೊಂಡು ಚಾಲಕರನ್ನು ಕಾಡಿದ ಪ್ರಸಂಗಗಳು ನಡೆದುವು. 1971ರ ನವೆಂಬರ್ 22ರಂದು ಬೊಯ್ರಾದ ಮೇಲೆ ನಾಲ್ಕು ನ್ಯಾಟ್‌ಗಳು ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಎದುರಿಸಿದ ಕಾಳಗ ಪ್ರಸಿದ್ಧವಾದುದು. ಅಂದು ತಂಡದ ನಾಯಕ ಫ್ಲೈಟ್ ಲೆಫ್ಟಿನೆಂಟ್ ಮ್ಯಾಸಿಯವರು ಸುಮಾರು 640 ಮೀಟರ್ ದೂರದಿಂದ ಸೇಬರೊಂದರ ರೆಕ್ಕೆಗೆ ಗುಂಡು ತಗಲಿಸುವ ಹೊತ್ತಿಗೆ ಅವರ ಬಲಗಡೆಯ ಫಿರಂಗಿ ನಿಂತುಹೋಗಿತ್ತು.

ಈ ಸ್ಥಿತಿಯನ್ನು ಭೌತಶಾಸ್ತ್ರದ ಕಣ್ಣಿನಿಂದ ನೋಡಿರಿ. ಎರಡೂ ಫಿರಂಗಿಗಳು ಹಾರುತ್ತಿರುವಾಗ ಎಡದ ಒದೆತವೂ ಬಲದ ಒದೆತವೂ ಒಂದನ್ನೊಂದು ಸರಿದೂಗಿಸುತ್ತವೆ. ಒಂದು ನಿಂತರೆ ಮತ್ತೊಂದರ 4400 ನ್ಯೂಟನ್ ಒಂದೇ ಪಕ್ಕವನ್ನು ಹಿಂದಕ್ಕೆ ಒದೆಯುತ್ತದೆ. ಫಿರಂಗಿಯು ನಡುರೇಖೆಯಿಂದ ಅರ್ಧ ಮೀಟರ್ ದೂರದಲ್ಲಿದೆಯೆಂದು ಭಾವಿಸಿದರೂ 2200 ನ್ಯೂಟನ್ ಮೀಟರಿನಷ್ಟು ತಿರುಗುಬಲ ಮೂತಿಯನ್ನು ಪಕ್ಕಕ್ಕೆ ಎಳೆಯುವುದು. ಚಾಲಕನು ಕಾಲಿನಿಂದ ಚುಕ್ಕಾಣಿಯನ್ನೊತ್ತಿ ಅದನ್ನು ಸರಿಪಡಿಸುತ್ತ, ಅರ್ಧಕ್ಕಿಳಿದ ಗುಂಡಿನ ಮಳೆಯಿಂದಲೇ ಕೆಲಸ ಮುಗಿಸಬೇಕು. ಅವನಿಗೆ ಎರಡನೆಯ ಸಲ ಆಡುವ ಅವಕಾಶವಿಲ್ಲ.

ನೀವೇ ಪರೀಕ್ಷಿಸಿರಿ

ಇಷ್ಟು ತಿಳಿದ ಮೇಲೆ ನಮ್ಮ ಓದುಗರು ತಮ್ಮ ಆಟವನ್ನು ತಾವೇ ಪರೀಕ್ಷಿಸಬಹುದು. ವಿಮಾನವನ್ನು ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ ನೇರವಾಗಿ ಹಾರಿಸಿರಿ. ವೇಗವನ್ನು ಬರೆದುಕೊಳ್ಳಿರಿ. ಹಿಡಿಯನ್ನು ಅಲುಗಿಸದೆ ಎರಡು ಸೆಕೆಂಡು ಫಿರಂಗಿ ಹಾರಿಸಿ, ಮತ್ತೆ ವೇಗವನ್ನು ಬರೆದುಕೊಳ್ಳಿರಿ. ಫಿರಂಗಿಯ ಗುಂಡಿನ ತೂಕ, ವೇಗ, ನಿಮಿಷಕ್ಕೆ ಹೊರಡುವ ಸಂಖ್ಯೆ, ವಿಮಾನದ ತೂಕ ಇವು ಪುಸ್ತಕಗಳಲ್ಲಿ ದೊರೆಯುತ್ತವೆ. ಮೇಲಿನ ಕ್ರಮದಲ್ಲಿ ಲೆಕ್ಕ ಮಾಡಿ, ನಿಮ್ಮ ಉತ್ತರವನ್ನು ಪರದೆಯ ಉತ್ತರದೊಡನೆ ಹೋಲಿಸಿರಿ. ಅನಿಲದ ಪಾಲಿಗಾಗಿ ಗುಂಡಿನ ಸಂವೇಗದ ಕಾಲುಭಾಗವನ್ನು ಕೂಡಿಸುವುದನ್ನು ಮರೆಯಬೇಡಿರಿ.

ಎರಡನೆಯದಾಗಿ, ಹಾರಿಸುವಾಗ ಮೂತಿ ಯಾವ ಕಡೆಗೆ ಬಾಗುತ್ತದೆ ಎಂಬುದನ್ನು ನೋಡಿರಿ. ಫಿರಂಗಿ ಗುರುತ್ವಕೇಂದ್ರದ ಕೆಳಗಿದ್ದೂ ಮೂತಿ ಮೇಲೇಳುವುದಾದರೆ ಆ ಆಟವನ್ನು ಬರೆದವರು ತಿರುಗುಬಲದ ಅಧ್ಯಾಯವನ್ನು ಓದಿಲ್ಲವೆಂದೇ ತಿಳಿಯಬೇಕು. ಮೂರನೆಯದಾಗಿ, ಗುಂಡಿಯನ್ನು ಒತ್ತಿಹಿಡಿದು, ಎಷ್ಟು ಸೆಕೆಂಡಿಗೆ ಗುಂಡುಗಳು ತೀರುತ್ತವೆ ಎಂದು ಎಣಿಸಿರಿ. ತೀರದೆಯೇ ಹೋದರೆ, ಅದು ಸಿಮ್ಯುಲೇಟರಲ್ಲ, ದೀಪಾವಳಿಯ ಪಟಾಕಿ.

ಆಟವು ಆಟವಾಗಿಯೇ ಇರಲಿ, ಇಷ್ಟು ಪರೀಕ್ಷೆಯ ಹಟವೇಕೆ ಎಂದು ಕೇಳುವವರು ಇರಬಹುದು. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯಲ್ಲಿ ‘ತೇಜಸ್’ ವಿಮಾನಕ್ಕಾಗಿ ಸಿಮ್ಯುಲೇಟರನ್ನು ಕಟ್ಟಿದರು. ವಿಮಾನ ನೆಲ ಬಿಟ್ಟು ಏಳುವುದಕ್ಕೆ ಮೊದಲೇ ಪರೀಕ್ಷಾ ಚಾಲಕರು ಅದರಲ್ಲಿ ಕುಳಿತು ಹಾರಾಟದ ಅಭ್ಯಾಸ ಮಾಡಿದರು. ಅಂತಹ ಯಂತ್ರದೊಳಗಿನ ಸಮೀಕರಣಗಳೂ ಮನೆಯ ಆಟದೊಳಗಿನ ಸಮೀಕರಣಗಳೂ ಒಂದೇ ನ್ಯೂಟನ್ನನ ಮಕ್ಕಳು. ಆದರೆ ಅಲ್ಲಿ ಸುಳ್ಳಿಗೆ ತೆರಬೇಕಾದ ಬೆಲೆ ಬೇರೆ. ಮೂತಿ ಬಾಗುವುದಿಲ್ಲವೆಂದು, ಫಿರಂಗಿ ಕಟ್ಟಿಕೊಳ್ಳುವುದಿಲ್ಲವೆಂದು ಸಿಮ್ಯುಲೇಟರು ಕಲಿಸಿದರೆ, ಚಾಲಕನ ಕೈಕಾಲುಗಳು ಅದನ್ನೇ ನಂಬುತ್ತವೆ. ನೆಲಕ್ಕೆ ಕೆಲವೇ ನೂರು ಮೀಟರ್ ಎತ್ತರದಲ್ಲಿ ಆ ನಂಬಿಕೆ ಸುಳ್ಳಾದಾಗ ತಿದ್ದಿಕೊಳ್ಳಲು ಕಾಲವಿರುವುದಿಲ್ಲ.

ನಮ್ಮ ಮೂರು ಊರುಗಳ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ನಾಳೆ ಅಂತಹ ಸಮೀಕರಣವನ್ನು ಬರೆಯುವ ಕುರ್ಚಿಯಲ್ಲಿಯೋ, ಅದನ್ನು ನಂಬಿ ಹಾರುವ ಆಸನದಲ್ಲಿಯೋ ಕುಳಿತುಕೊಳ್ಳಬಹುದು. ಪರದೆಯ ಮೇಲೆ ಕಂಡುದನ್ನು ಲೆಕ್ಕದಿಂದ ಒರೆಹಚ್ಚುವ ಅಭ್ಯಾಸವನ್ನು ಅವರು ಇಂದಿನ ಆಟದಲ್ಲಿಯೇ ಬೆಳೆಸಿಕೊಳ್ಳಲಿ. ಕಿಡಿಯೂ ಗರ್ಜನೆಯೂ ಯಾವ ಆಟದಲ್ಲಿಯಾದರೂ ದೊರೆಯುತ್ತವೆ. ಫಿರಂಗಿ ಹಿಂದಕ್ಕೆ ಎಷ್ಟು ಒದೆಯಿತು ಎಂಬುದನ್ನು ಕೇಳಿ ನೋಡಿದರೆ ಆಟ ಎಷ್ಟು ನಿಜವೆಂಬುದು ತಿಳಿಯುತ್ತದೆ.